ಹೊಳೆ ನೋಡಿ ದಾರಿ ಹಿಡಿ: ದಕ್ಷಿಣ ಲಿಂಬರ್ಗ್‌ನಲ್ಲಿ ಮೂರು ದಿನ ಸೈಕಲ್

"ದಿಬ್ಬ ಎಲ್ಲಿದೆ ಅಂತ ಹುಡುಕಬೇಡ. ಹೊಳೆ ಎಲ್ಲಿದೆ ನೋಡು."

ಮಾಸ್ಟ್ರಿಕ್ಟ್ ರೈಲು ನಿಲ್ದಾಣದ ಎದುರು ನಕ್ಷೆ ಬಿಡಿಸಿಕೊಂಡು ಗೆಳೆಯ ಹೇಳಿದ ಮೊದಲ ಮಾತು ಇದು. ಅವನು ಆರು ವರ್ಷದಿಂದ ನೆದರ್‌ಲ್ಯಾಂಡ್ಸ್‌ನಲ್ಲಿದ್ದಾನೆ. ರಜೆ ಸಿಕ್ಕಾಗಲೆಲ್ಲ ದೇಶದ ಈ ದಕ್ಷಿಣ ತುದಿಗೆ ಸೈಕಲ್ ತರುತ್ತಾನೆ. ನನಗೆ ಆ ಮಾತು ಆಗ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗಲು ಎರಡು ದಿನ ಪೆಡಲ್ ತುಳಿಯಬೇಕಾಯಿತು.

ನೆದರ್‌ಲ್ಯಾಂಡ್ಸ್ ಅಂದರೆ ಚಪ್ಪಟೆ ನೆಲ, ಅಲ್ವಾ? ದೇಶದ ಸುಮಾರು ಕಾಲುಭಾಗ ಸಮುದ್ರ ಮಟ್ಟಕ್ಕಿಂತ ಕೆಳಗೇ ಇದೆ. ಆದರೆ ದಕ್ಷಿಣ ಲಿಂಬರ್ಗ್ ಬೇರೆಯೇ ಲೋಕ. ಬೆಲ್ಜಿಯಂ ಮತ್ತು ಜರ್ಮನಿಯ ನಡುವೆ ಚಾಚಿಕೊಂಡ ಸಣ್ಣ ತುಂಡು ನೆಲ ಅದು. ಹುಲ್ಲುಗಾವಲು, ಸೇಬಿನ ತೋಟ, ಗೋಧಿ ಹೊಲ. ನಡುವೆ ಉಬ್ಬಿ ತಗ್ಗುವ ಕಿರಿದಾದ ಡಾಂಬರು ರಸ್ತೆಗಳು.

ನಾವು ಹೋದದ್ದು ಮೇ ಮೊದಲ ವಾರ. ಶನಿವಾರ, ಭಾನುವಾರ, ಸೋಮವಾರ. ಸೇಬಿನ ಹೂವು ಇನ್ನೂ ಉದುರಿರಲಿಲ್ಲ.

ನಾನು ಬಾಡಿಗೆಗೆ ತೆಗೆದುಕೊಂಡದ್ದು ರೋಡ್ ಸೈಕಲ್, ಡಾಂಬರಿನ ಮೇಲೆ ವೇಗವಾಗಿ ಓಡುವಂಥದ್ದು. ಚೈನ್ ಓಡುವ ಹಲ್ಲುಚಕ್ರಗಳು ಮುಂದೆ ಪೆಡಲ್ ಬಳಿ ಎರಡು, 50 ಮತ್ತು 34 ಹಲ್ಲಿನವು; ಹಿಂದಿನವುಗಳಲ್ಲಿ ದೊಡ್ಡದು 32 ಹಲ್ಲಿನದು. ಟೈರ್ 28 ಮಿಲಿಮೀಟರ್. ಹೊರಡುವ ಮೊದಲು ಒಂದು ವಿಷಯ ನೋಡಿಕೊಂಡೆ. ಅಲ್ಲಿ ಸಾಮಾನ್ಯವಾಗಿ ಬಲಗೈ ಬ್ರೇಕ್ ಹಿಂದಿನ ಚಕ್ರಕ್ಕೆ, ಎಡಗೈಯದು ಮುಂದಿನದಕ್ಕೆ. ಓಡಾಟ ರಸ್ತೆಯ ಬಲಬದಿಯಲ್ಲಿ. ಎರಡನ್ನೂ ಖಾಲಿ ಬೀದಿಯಲ್ಲಿ ಹತ್ತು ನಿಮಿಷ ಅಭ್ಯಾಸ ಮಾಡಿದ್ದು ಒಳ್ಳೆಯದಾಯಿತು.

ದಾರಿ ಹುಡುಕಲು ಫೋನ್ ನೋಡುತ್ತಾ ಕೂರಬೇಕಿಲ್ಲ. ಕವಲು ಬಂದಲ್ಲಿ ಬಿಳಿ ಫಲಕದ ಮೇಲೆ ಹಸಿರು ಅಂಕಿ, ಪಕ್ಕದಲ್ಲಿ ಬಾಣ. ಒಂದು ಅಂಕಿಯಿಂದ ಇನ್ನೊಂದು ಅಂಕಿಗೆ ಹೋಗುತ್ತಿದ್ದರೆ ಸಾಕು. ಈ ವ್ಯವಸ್ಥೆ ಶುರುವಾದದ್ದು 1995ರಲ್ಲಿ, ಗಡಿಯಾಚೆ ಬೆಲ್ಜಿಯಂನಲ್ಲಿರುವ ಇದೇ ಹೆಸರಿನ ಪ್ರಾಂತ್ಯ, ಲಿಂಬರ್ಗ್‌ನಲ್ಲಿ. ಅದರ ಹಿಂದಿದ್ದವರು ಗಣಿ ಎಂಜಿನಿಯರ್ ಹ್ಯೂಗೋ ಬೊಲೆನ್. ನಾವು ಆ ದಿನದ ಅಂಕಿಗಳನ್ನು ಚೀಟಿಯಲ್ಲಿ ಬರೆದು ಸೈಕಲ್ಲಿನ ಮೇಲಿನ ಕೊಳವೆಗೆ ಟೇಪ್ ಹಾಕಿ ಅಂಟಿಸಿದೆವು. ತಲೆ ಎತ್ತಿ ಸುತ್ತಲೂ ನೋಡುತ್ತಾ ಹೋಗುವ ಸುಖ ಅದರಿಂದ ಸಿಕ್ಕಿತು.

ಮೊದಲ ದಿನ ಸುಲಭ. ಮಾಸ್ ನದಿಯ ಪಕ್ಕ ಉತ್ತರಕ್ಕೆ ಸ್ವಲ್ಪ ದೂರ, ಆಮೇಲೆ ಬಲಕ್ಕೆ ತಿರುಗಿ ಗ್ಯೋಲ್ ಹೊಳೆಯ ಕಣಿವೆ. ಮೇರ್ಸೆನ್, ಹೌಟೆಮ್, ವಾಲ್ಕೆನ್‌ಬರ್ಗ್ ಹೀಗೆ ಊರುಗಳು ಒಂದೊಂದಾಗಿ ಬಂದವು. ಹೊಳೆ ದೊಡ್ಡದೇನಲ್ಲ. ಹುಲ್ಲಿನ ನಡುವೆ ಬಳುಕುತ್ತಾ ಹೋಗುತ್ತದೆ. 2021ರ ಜುಲೈನಲ್ಲಿ ಇದೇ ಹೊಳೆ ಉಕ್ಕಿ ವಾಲ್ಕೆನ್‌ಬರ್ಗ್‌ನ ಬೀದಿಗಳಿಗೆ ನುಗ್ಗಿ ತುಂಬಾ ಹಾನಿ ಮಾಡಿತ್ತು. ಅಷ್ಟು ಸಣ್ಣ ನೀರನ್ನು ನೋಡಿದರೆ ನಂಬುವುದು ಕಷ್ಟ. ಹೊಳೆಯ ಜೊತೆ ಹೋದಷ್ಟು ಹೊತ್ತು ಏರು ಗೊತ್ತೇ ಆಗಲಿಲ್ಲ.

ವಾಲ್ಕೆನ್‌ಬರ್ಗ್‌ನಲ್ಲಿ ಮಾತ್ರ ದಾರಿ ಬಿಟ್ಟು ಕೌಬರ್ಗ್ ಹತ್ತಿದೆವು. ರೋಡ್ ಸೈಕ್ಲಿಂಗ್ ನೋಡುವವರಿಗೆ ಈ ಹೆಸರು ಗೊತ್ತಿರುತ್ತದೆ. 1966ರಲ್ಲಿ ಶುರುವಾದ ಆಮ್‌ಸ್ಟೆಲ್ ಗೋಲ್ಡ್ ರೇಸ್‌ನ ಪ್ರಸಿದ್ಧ ಏರು ಇದು. 2012ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬೆಲ್ಜಿಯಂನ ಫಿಲಿಪ್ ಜಿಲ್ಬೇರ್ ಇಲ್ಲೇ ಎಲ್ಲರನ್ನೂ ಹಿಂದೆ ಹಾಕಿ ಗೆದ್ದರು. ಊರಿನ ಮಧ್ಯದಿಂದಲೇ ರಸ್ತೆ ಏರುತ್ತದೆ. ಕಡಿದಾದ ಕಡೆ 100 ಮೀಟರ್‌ಗೆ 12 ಮೀಟರ್‌ನಷ್ಟು ಏರು. ಉದ್ದ ಜಾಸ್ತಿ ಇಲ್ಲ. ಉಸಿರು ಕಟ್ಟುವಷ್ಟರಲ್ಲಿ ಮೇಲಿದ್ದೆವು.

ಮೇಲೆ ಹೋದಾಗ ಒಂದು ವಿಚಿತ್ರ ಕಂಡಿತು. ಅಲ್ಲಿ ಶಿಖರವೇ ಇಲ್ಲ. ಎತ್ತ ನೋಡಿದರೂ ಸಪಾಟು ಹೊಲ, ಮುಖಕ್ಕೆ ಹೊಡೆಯುವ ಗಾಳಿ. "ಇನ್ನೊಂದು ಕಡೆಗೆ ಇಳಿಜಾರು ಎಲ್ಲಿ?" ಅಂತ ಕೇಳಿದೆ. ಗೆಳೆಯ ನಕ್ಕು, "ನಾಳೆ ಗೊತ್ತಾಗುತ್ತೆ ಬಾ" ಅಂದ.

ರಾತ್ರಿ ಉಳಿದದ್ದು ಗುಲ್ಪೆನ್‌ನಲ್ಲಿ. ಗುಲ್ಪ್ ತೊರೆ ಬಂದು ಗ್ಯೋಲ್ ಹೊಳೆಯನ್ನು ಸೇರುವ ಊರು ಅದು.

ಭಾನುವಾರ ಬೆಳಿಗ್ಗೆ ಗುಲ್ಪ್ ಪಕ್ಕದಲ್ಲೇ ಸ್ಲೇನಾಕೆನ್‌ವರೆಗೆ ಹೋದೆವು. ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಚರ್ಚಿನ ಗಂಟೆ ಕೇಳುತ್ತಿತ್ತು. ದಾರಿ ಕೂಡುವಲ್ಲೆಲ್ಲ ಮರದ ಶಿಲುಬೆ, ಅದರ ಬುಡದಲ್ಲಿ ಯಾರೋ ಇಟ್ಟ ಹೂವು. ಎದುರಿಗೆ ಬಂದ ಸೈಕಲ್ಲಿನವರೆಲ್ಲ ಕೈ ಎತ್ತಿ "ಹೋಯ್" ಅನ್ನುತ್ತಿದ್ದರು. ಸ್ಲೇನಾಕೆನ್‌ನಲ್ಲಿ ತೊರೆ ಬಿಟ್ಟು ಎಡಕ್ಕೆ ತಿರುಗಿದ ಕೂಡಲೇ ರಸ್ತೆ ಮೇಲೆದ್ದಿತು. ಹೈಯೆನ್‌ರಾತ್ ಅನ್ನುವ ಹಳ್ಳಿಯವರೆಗೆ ಒಂದೇ ಸಮನೆ ಏರು. ಅಲ್ಲಿ ಸ್ವಲ್ಪ ಸಪಾಟು. ಆಮೇಲೆ ಏಪೆನ್‌ಗೆ ಜಾರುವ ಇಳಿಜಾರು. ಕೆಳಗೆ ಮತ್ತೆ ಅದೇ ಗ್ಯೋಲ್ ಹೊಳೆ.

ಗೆಳೆಯನ ಮಾತು ನನಗೆ ಅರ್ಥವಾದದ್ದು ಆ ಇಳಿಜಾರಿನಲ್ಲಿ. ಇಲ್ಲಿ ದಿಬ್ಬಗಳು ಮೇಲೆದ್ದು ನಿಂತದ್ದಲ್ಲ. ನೆಲ ಮೊದಲು ಎತ್ತರದ ಬಯಲಾಗಿತ್ತು. ಕೆಳಗೆ ಮೆತ್ತಗಿನ ಸುಣ್ಣಕಲ್ಲು, ಮೇಲೆ ಗಾಳಿ ತಂದು ಹಾಸಿದ ನುಣುಪು ಮಣ್ಣು. ಅದನ್ನು ನೀರು ಕೊರೆದು ಕೊರೆದು ಕಣಿವೆ ಮಾಡಿದೆ. ಹಾಗಾಗಿ ನಾವು ದಿಬ್ಬ ಹತ್ತುತ್ತಿಲ್ಲ, ಕಣಿವೆಯಿಂದ ಹೊರಗೆ ಬರುತ್ತಿದ್ದೇವೆ. ಹೊಳೆಯ ಜೊತೆ ಹೋದರೆ ದಿನ ಹಗುರ. ಹೊಳೆಯನ್ನು ಅಡ್ಡ ದಾಟಿದರೆ ದಾಟಿದಷ್ಟು ಸಲ ಕಾಲಿಗೆ ಕೆಲಸ. ನಕ್ಷೆಯಲ್ಲಿ ನೀಲಿ ಗೆರೆ ಎಷ್ಟು ಸಲ ದಾಟುತ್ತೇವೆ ಅಂತ ಎಣಿಸಿದರೆ ಆ ದಿನ ಎಷ್ಟು ದಣಿವಾಗುತ್ತದೆ ಅಂತ ಮೊದಲೇ ಹೇಳಬಹುದು! ಇದು ನನಗೆ ಎಷ್ಟು ಖುಷಿ ಕೊಟ್ಟಿತೆಂದರೆ, ಆಮೇಲೆ ಪ್ರತಿ ಸೇತುವೆ ಹತ್ತಿರ ಬಂದಾಗಲೂ ಕೈ ತಾನಾಗಿ ಗೇರ್ ಕಡೆ ಹೋಗುತ್ತಿತ್ತು.

ಏಪೆನ್ ಹತ್ತಿರ ಸೈಕಲ್ ಒರಗಿಸಿ ಹೊಳೆ ದಂಡೆಗೆ ಹೋದೆವು. ಹುಲ್ಲಿನಲ್ಲಿ ಪುಟ್ಟ ಹಳದಿ ಹೂವು. ಜಿಂಕ್ ವಯೊಲೆಟ್ ಅಂತಾರೆ. ಮಣ್ಣಿನಲ್ಲಿ ಸತು ಇರುವ ಕಡೆ ಬೆಳೆಯುವ ಗಿಡ. ಮೇಲ್ಗಡೆ ಬೆಲ್ಜಿಯಂನಲ್ಲಿ ಹಿಂದೆ ಸತುವಿನ ಗಣಿಗಳಿದ್ದವು. ಆ ಸತುವನ್ನು ಹೊಳೆಯೇ ಹೊತ್ತು ತಂದು ಇಲ್ಲಿ ಬಿಟ್ಟಿದೆ. ಗಣಿ ಮುಚ್ಚಿ ಎಷ್ಟೋ ಕಾಲವಾಯಿತು, ಹೂವು ಮಾತ್ರ ಇನ್ನೂ ಇದೆ. ನಾನು ಅಲ್ಲಿಂದ ಏಳಲು ಮನಸ್ಸಿಲ್ಲದೆ ಅರ್ಧ ಗಂಟೆ ಕುಳಿತೆ. ಊರೊಳಗಿನ ಕಪ್ಪು ಮರದ ಚೌಕಟ್ಟಿನ ಬಿಳಿ ಮನೆಗಳ ನಡುವೆ ಒಂದು ಕಡೆ ವ್ಲಾಯ್ ತಿಂದೆವು. ಲಿಂಬರ್ಗ್‌ನ ತಿಂಡಿ ಅದು, ಅಗಲವಾದ ತೆಳು ರೊಟ್ಟಿಯಂಥ ತಳದ ಮೇಲೆ ಹಣ್ಣು ತುಂಬಿ ಬೇಯಿಸಿದ್ದು. ಹಾಲಿನಲ್ಲಿ ಬೇಯಿಸಿದ ಅಕ್ಕಿ ತುಂಬಿದ್ದೂ ಸಿಗುತ್ತದೆ. ಏರು ಮುಂದಿದ್ದಾಗ ಅಕ್ಕಿಯದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮುಂದಿನ ಏರು ಕಾಮೆರಿಗ್. ಸುಮಾರು 4 ಕಿಲೋಮೀಟರ್ ಉದ್ದ. ಕಡಿದಲ್ಲ, ಆದರೆ ಮುಗಿಯುವುದಿಲ್ಲ. ಇಂಥ ಏರಿನಲ್ಲಿ ಶುರುವಿಗೇ ಜೋರು ಮಾಡಬಾರದು. ಹಗುರ ಗೇರ್‌ಗೆ ಹಾಕಿ, ಮಾತಾಡುತ್ತಾ ತುಳಿಯುವಷ್ಟು ಉಸಿರು ಉಳಿಸಿಕೊಂಡರೆ ಸಾಕು. ತಿರುವಿನಲ್ಲಿ ಒಮ್ಮೆ ಬಲಕ್ಕೆ ನೋಡಿದೆ. ಇಡೀ ಕಣಿವೆ ಕೆಳಗಿತ್ತು. ಬೇಲಿಗಿಡಗಳ ಸಾಲು, ದನ, ನಾವು ಈಗ ತಾನೇ ದಾಟಿದ ಹೊಳೆ.

ಅಲ್ಲಿಂದ ಕಾಡು ದಾಟಿ ವೈಲೆನ್, ವಾಲ್ಸ್. ವಾಲ್ಸ್‌ನ ಮೇಲಿರುವ ವಾಲ್ಸರ್‌ಬರ್ಗ್‌ನ ಎತ್ತರ 322.4 ಮೀಟರ್. ಯುರೋಪಿನಲ್ಲಿರುವ ನೆದರ್‌ಲ್ಯಾಂಡ್ಸ್‌ನ ಅತಿ ಎತ್ತರದ ಜಾಗ ಇದೇ. ಮೂರು ದೇಶಗಳ ಗಡಿ ಅಲ್ಲಿ ಒಂದೇ ಬಿಂದುವಿನಲ್ಲಿ ಕೂಡುತ್ತದೆ. ಹಿಂದೆ ನಾಲ್ಕನೆಯದೊಂದೂ ಇತ್ತು. ಆ ಸತುವಿನ ಗಣಿಗಾಗಿ ಜಗಳವಾಗಿ, ಯಾರಿಗೂ ಸೇರದ ನ್ಯೂಟ್ರಲ್ ಮೊರೆಸ್ನೆ ಅನ್ನುವ ಪುಟ್ಟ ಪ್ರದೇಶ 1816ರಲ್ಲಿ ಹುಟ್ಟಿತು. 1920ರಲ್ಲಿ ಬೆಲ್ಜಿಯಂ ಸೇರಿತು. ಹೊಳೆ ದಂಡೆಯ ಹಳದಿ ಹೂವಿಗೂ ಆ ನಾಲ್ಕನೆಯ ಗಡಿಗೂ ಸತುವೇ ಕಾರಣ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು.

ಸಂಜೆ ಗುಲ್ಪೆನ್‌ಗೆ ಮರಳಿದಾಗ ಓಡಿದ್ದು ಸುಮಾರು 50 ಕಿಲೋಮೀಟರ್. ಹತ್ತಿದ್ದೆಲ್ಲ ಕೂಡಿಸಿದರೆ ಸುಮಾರು 700 ಮೀಟರ್. ಅತಿ ಎತ್ತರದ ಜಾಗದ ಎರಡು ಪಟ್ಟಿಗಿಂತ ಜಾಸ್ತಿ.

ಸೋಮವಾರ ಕಡಿದಾದ ಏರುಗಳ ದಿನ. ಐಸರ್‌ಬೋಸ್‌ವೇಗ್ ಹೇಗೋ ಮುಗಿಸಿದೆ. ಕ್ಯೋಟೆನ್‌ಬರ್ಗ್‌ನಲ್ಲಿ ತಪ್ಪು ಮಾಡಿದೆ. ಸ್ಖಿನ್ ಆಪ್ ಗ್ಯೋಲ್ ಹತ್ತಿರ ಶುರುವಾಗುವ ಈ ರಸ್ತೆಯ ಮೊದಲ ಭಾಗದಲ್ಲೇ 22 ಶೇಕಡಾದಷ್ಟು ಏರಿದೆ. ತಿರುವು ಮುಗಿದು ಏರು ಕಂಡ ಮೇಲೆ ಚೈನನ್ನು ಮುಂದಿನ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿದೆ. ಕಾಲಿನ ಪೂರ್ತಿ ಭಾರ ಪೆಡಲ್ ಮೇಲಿತ್ತು. ಚೈನ್ ಕಳಚಿ ಬಿತ್ತು. ಸೈಕಲ್ ನಿಂತೇ ಬಿಟ್ಟಿತು. ಪೆಡಲ್‌ಗೆ ಸಿಕ್ಕಿಸಿದ್ದ ಶೂ ಬಿಡಿಸಿಕೊಂಡು ಬೇಲಿ ಹಿಡಿದೆ. ಏರು ಶುರುವಾಗುವ ಮೊದಲೇ, ಕಾಲು ಹಗುರವಿದ್ದಾಗಲೇ ಗೇರ್ ಇಳಿಸಿರಬೇಕಿತ್ತು. ಕೆಳಗೆ ಹೋಗಿ ಮತ್ತೆ ಬಂದೆ. ಎರಡನೇ ಸಲ ಕೂತೇ, ಮೈ ಸ್ವಲ್ಪ ಮುಂದಕ್ಕೆ ಬಗ್ಗಿಸಿ ಹತ್ತಿದೆ. ನಿಂತು ತುಳಿದರೆ ಹಿಂದಿನ ಚಕ್ರ ಜಾರುತ್ತದೆ.

ಅಲ್ಲಿಗೆ ಹೋಗುವವರು ಇನ್ನೆರಡು ವಿಷಯ ನೆನಪಿಡಿ. ನೀಲಿ ವೃತ್ತದಲ್ಲಿ ಬಿಳಿ ಸೈಕಲ್ ಚಿತ್ರವಿದ್ದರೆ ಪಕ್ಕದ ಸೈಕಲ್ ಹಾದಿಯಲ್ಲೇ ಹೋಗಬೇಕು, ರೋಡ್ ಸೈಕಲ್ ಆದರೂ ಸರಿ. ಕೂಡುರಸ್ತೆಯಲ್ಲಿ ಬಿಳಿ ತ್ರಿಕೋನಗಳ ಚೂಪು ನಿಮ್ಮ ಕಡೆ ಇದ್ದರೆ ಅಡ್ಡ ಬರುವವರಿಗೆ ದಾರಿ ಬಿಡಬೇಕು. ಇಳಿಜಾರಿನ ಕೊನೆಗೆ ಅವು ದಿಢೀರ್ ಅಂತ ಬರುತ್ತವೆ.

ಮಾರ್ಗ್ರಾಟೆನ್ ಬಯಲಿನ ಎದುರುಗಾಳಿ ದಾಟಿ, ಬೇಮೆಲೆನ್‌ನ ಇಳಿಜಾರಿನಲ್ಲಿ ಮಾಸ್ಟ್ರಿಕ್ಟ್ ಕಡೆ ಜಾರಿದೆವು. ನಿಲ್ದಾಣಕ್ಕೆ ಬಂದಾಗ ಇನ್ನೂ ಐದು ಗಂಟೆ. ವಾರದ ದಿನಗಳಲ್ಲಿ ಸಂಜೆ 4ರಿಂದ 6.30ರವರೆಗೆ ಸೈಕಲ್ಲನ್ನು ರೈಲಿಗೆ ಹತ್ತಿಸುವಂತಿಲ್ಲ. ಗೆಳೆಯ ಕಾಯಬೇಕಿತ್ತು. ಕಟ್ಟೆ ಮೇಲೆ ಕೂತು ನಕ್ಷೆ ಬಿಡಿಸಿದೆವು. ಬೆಲ್ಜಿಯಂ ಕಡೆಯಿಂದ ಮಾಸ್ಟ್ರಿಕ್ಟ್‌ಗೆ ಬಂದು ಸೇರುವ ಇನ್ನೊಂದು ನೀಲಿ ಗೆರೆ ಇತ್ತು, ಯೇಕರ್ ಹೊಳೆ. ನಾನು ಬೆರಳಿಟ್ಟು ಅದರ ಜೊತೆಗೇ ಮೇಲಕ್ಕೆ ಹೋದೆ. ಅವನು ಪೆನ್ನು ತೆಗೆದು ಅದನ್ನು ಅಡ್ಡ ದಾಟುವ ರಸ್ತೆಗಳಿಗೆ ಗುರುತು ಹಾಕತೊಡಗಿದ.