ಮೆಷಿನ್‌ಗೆ ಬರುತ್ತೆ ಸರ್

"ನಿಮ್ಮ ಮೆಷಿನ್‌ಗೆ ಕನ್ನಡ ಬರಲ್ವೇನಮ್ಮಾ?"

"ಮೆಷಿನ್‌ಗೆ ಬರುತ್ತೆ ಸರ್. ನಿಮ್ಮ ಸುತ್ತೋಲೆಯಲ್ಲಿ ಕನ್ನಡ ಇಲ್ಲ."

ಸೋಮವಾರದಿಂದ ನಮ್ಮ ಸೆಕ್ಷನ್‌ನಲ್ಲಿ ಇದೇ ಮಾತು. ಒಬ್ಬರು ನಗುತ್ತಾ ಹೇಳಿದರೆ ಇನ್ನೊಬ್ಬರು 'ಬಂದು ವರ್ಷ ಆಗಿಲ್ಲ, ಬಾಯಿ ನೋಡಿ' ಅಂತಾರೆ. ನನಗಂತೂ ಮನೆಗೆ ಹೋದಮೇಲೂ ಕಿವಿಯಲ್ಲಿ ಅದೇ.

ಸುತ್ತೋಲೆ ಬಂದದ್ದು ನಮ್ಮ ವಿಶ್ವವಿದ್ಯಾಲಯದ ಸಮಾನ ಅವಕಾಶ ಕೋಶದಿಂದ. ಡಿಸೆಂಬರ್ 3ರ ವಿಕಲಚೇತನರ ದಿನಾಚರಣೆಗೆ ಎಲ್ಲರೂ ತಪ್ಪದೆ ಹಾಜರಾಗಬೇಕಂತೆ. ಅದನ್ನು ಓದಲಾಗದೆ ಕೂತಿದ್ದವರು ನಮ್ಮ ಹೊಸ ಎಫ್‌ಡಿಎ ಮೇಡಂ. ಅವರಿಗೆ ಕಣ್ಣು ಕಾಣುವುದಿಲ್ಲ. ಕಂಪ್ಯೂಟರಿನಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಎಂಬ ತಂತ್ರಾಂಶವೇ ಅವರ 'ಮೆಷಿನ್'. ಸೂಪರಿಂಟೆಂಡೆಂಟ್ ಆ ಪ್ರಶ್ನೆ ಕೇಳಿದ ಮೇಲೆ ಆಕೆ ಉತ್ತರ ಕೊಟ್ಟು ಸುಮ್ಮನಾಗಲಿಲ್ಲ. ಇಯರ್‌ಫೋನ್ ವೈರ್ ಕಿತ್ತು, 'ಸ್ಥಳ: ಕನ್ನಡ ಅಧ್ಯಯನ ವಿಭಾಗ' ಎಂದಿದ್ದ ಸಾಲನ್ನು ಅಕ್ಷರಕ್ಕೆ ಅಕ್ಷರ ಜೋರಾಗಿ ಓದಿಸಿದರು. 'ಕನ್ನಡ' ಬಂದಾಗ ಸ್ಪೀಕರ್ ಹೇಳಿದ್ದು: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್...

ಕನ್ನಡ ಟೈಪಿಸಲು ಬಳಸುವ ನುಡಿ ತಂತ್ರಾಂಶದ ಹಳೆಯ ಫಾಂಟ್‌ನ ಗುಟ್ಟು ಗೊತ್ತಿದ್ದವರಿಗೆ ಇದು ಹೊಸದಲ್ಲ. ಕಾಗದದ ಮೇಲೆ 'ಕ' ಕಾಣುತ್ತದೆ, ಫೈಲಿನೊಳಗೆ ಇರುವುದು ಇಂಗ್ಲಿಷಿನ ಪಿ ಮತ್ತು ತಲೆಯ ಮೇಲೆ ಗೀಟಿರುವ ಎ. ಫಾಂಟ್ ವೇಷ ಹಾಕಿಸಿರುತ್ತದೆ ಅಷ್ಟೆ. ನಮಗೆ ವೇಷ ಸಾಕು. ಆಕೆಯ ಸ್ಕ್ರೀನ್ ರೀಡರ್ ಎನ್‌ವಿಡಿಎ ಒಳಗಿರುವುದನ್ನೇ ಓದುತ್ತದೆ. (ಮೈಕಲ್ ಕರನ್ ಎಂಬ ಆಸ್ಟ್ರೇಲಿಯಾದ ಅಂಧ ಪ್ರೋಗ್ರಾಮರ್ 2006ರಲ್ಲಿ ಶುರು ಮಾಡಿದ ತಂತ್ರಾಂಶ ಅದು, ಒಂದು ಪೈಸೆ ಕೊಡಬೇಕಿಲ್ಲ.) ದೂರು ನುಡಿಯ ಮೇಲಲ್ಲ, ಅದರಲ್ಲಿ ಯೂನಿಕೋಡ್, ಅಂದರೆ ಫೈಲಿನೊಳಗೂ ಕನ್ನಡ ಅಕ್ಷರವನ್ನೇ ಇಡುವ ವ್ಯವಸ್ಥೆ, ಬಂದು ಎಷ್ಟೋ ಕಾಲವಾಯಿತು. ಕೀಲಿಮಣೆಯೂ ಅದೇ, ಹೊಸದಾಗಿ ಕಲಿಯುವಂಥದ್ದೇನಿಲ್ಲ. ಕೇಳಿದರೆ ಪ್ರೆಸ್‌ನವರ ಕಡೆ ಕೈ ತೋರಿಸುತ್ತಾರೆ: ಪುಟ ಜೋಡಿಸುವ ಅವರ ಪೇಜ್‌ಮೇಕರ್ ತಂತ್ರಾಂಶಕ್ಕೆ ಹಳೆಯ ಫಾಂಟೇ ಬೇಕು. ಸರಿ, ಪ್ರೆಸ್‌ಗೆ ಹೋಗದ ಸುತ್ತೋಲೆಗೆ ಯಾಕೆ? ಉತ್ತರವಿಲ್ಲ. ಹಳೆ ಫೈಲ್ ತೆಗೆದು ದಿನಾಂಕ ತಿದ್ದುವುದು ನಮ್ಮ ಪದ್ಧತಿ, ಅಷ್ಟೆ. ಅದಕ್ಕಿಂತ ಕೆಟ್ಟದ್ದು ಸಹಿ ಹಾಕಿ, ಸ್ಕ್ಯಾನ್ ಮಾಡಿ, ವಾಟ್ಸಾಪ್‌ಗೆ ಬಿಡುವ ಪಿಡಿಎಫ್. ಎನ್‌ವಿಡಿಎ ಪಾಲಿಗೆ ಅದು ಬರೀ ಚಿತ್ರ, ಓದೋಕೆ ಅದರಲ್ಲಿ ಒಂದಕ್ಷರವೂ ಇಲ್ಲ.

ಸೂಪರಿಂಟೆಂಡೆಂಟ್ ಕೆಟ್ಟವರಲ್ಲ. ಮಳೆ ಬಂದ ದಿನ ಛತ್ರಿ ಹಿಡಿದು ಆಕೆಯನ್ನು ಬಸ್ ಹತ್ತಿಸಿ ಬರುವವರು ಅವರೇ. ಆದರೆ ಮೊದಲ ದಿನವೇ 'ನಿಮಗ್ಯಾಕಮ್ಮ ತೊಂದರೆ, ಆರಾಮಾಗಿ ಕೂತಿರಿ, ಸಂಬಳ ಬರುತ್ತಲ್ಲ' ಅಂದವರೂ ಅವರೇ. ಟಪಾಲು ಟೇಬಲ್ ಪಕ್ಕ ಒಂದು ಕುರ್ಚಿ ಕೊಟ್ಟರು, ಕೆಲಸ ಕೊಡಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆ ಬರೆದು ಗೆದ್ದು ಬಂದ ಹೆಣ್ಣುಮಗಳಿಗೆ ಈ ಕರುಣೆಗಿಂತ ಬೈಗುಳ ವಾಸಿ ಅನ್ನಿಸಿರಬಹುದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇ. 4ರಷ್ಟನ್ನು ಮೀಸಲಿಡಿ ಅನ್ನುತ್ತದೆ. ಕೆಲಸ ಮಾಡಲು ಬೇಕಾದ ಅನುಕೂಲ ಮಾಡಿಕೊಡಿ ಅಂತಲೂ ಅದೇ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಮೀಸಲಾತಿಯ ರೋಸ್ಟರ್ ಪಟ್ಟಿ ತುಂಬಿದ ಕೂಡಲೇ ಫೈಲ್ ಮುಚ್ಚುತ್ತಾರೆ. ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ಗೆ ಕಳಿಸಿದ ವರದಿಯಲ್ಲಿ ರ‍್ಯಾಂಪ್‌ನ ಜಿಯೋಟ್ಯಾಗ್ ಫೋಟೋ ಇದೆ, 'ಸ್ಕ್ರೀನ್ ರೀಡರ್ ಇದೆ' ಎಂಬ ಟಿಕ್ಕೂ ಇದೆ. ಸುಳ್ಳೇನಲ್ಲ. ಅದು ಓದಬಲ್ಲಂಥದ್ದನ್ನು ನಾವು ಟೈಪ್ ಮಾಡುತ್ತೇವಾ ಅಂತ ನ್ಯಾಕ್ ತಂಡದಲ್ಲಿ ಯಾರೂ ಕೇಳಲಿಲ್ಲ.

ಇನ್ನೊಂದು ವಿಷಯ. ಹಳೆಯ ನಡಾವಳಿಯಲ್ಲಿ ಯಾವುದಾದರೂ ಹೆಸರು ಬೇಕಾದರೆ ನಾವು ಫೈಲ್ ಒಂದೊಂದಾಗಿ ತೆಗೆದು ಕಣ್ಣು ಉರಿಯುವವರೆಗೆ ನೋಡುತ್ತೇವೆ. ಯೂನಿಕೋಡ್‌ನಲ್ಲಿ ಹೆಸರು ಟೈಪಿಸಿ ಹುಡುಕಿದರೆ ಸಿಗುವುದೇ ಇಲ್ಲ. ಕಾರಣ ಇದೇ ಪಿ, ಇದೇ ಪೌಂಡ್. ಅಂದರೆ ಇಷ್ಟು ವರ್ಷ ತೊಂದರೆ ಪಟ್ಟವರು ನಾವೂ ಹೌದು. ಕಾಣುವ ಕಣ್ಣಿದ್ದದ್ದರಿಂದ ಹೇಗೋ ನಡೆಯುತ್ತಿತ್ತು.

ಗುರುವಾರ ಕುಲಸಚಿವರಿಗೆ ಟಿಪ್ಪಣಿ ಇಟ್ಟೆವು: ಸುತ್ತೋಲೆಗಳೆಲ್ಲ ಯೂನಿಕೋಡ್‌ನಲ್ಲಿರಲಿ, ಸ್ಕ್ಯಾನ್ ಪ್ರತಿಯ ಜೊತೆ ಮೂಲ ಫೈಲನ್ನೂ ಕಳಿಸಲಿ. ಕರಡು ಆಕೆಯದೇ, ನನ್ನ ಟಿಪ್ಪಣಿಗಳಿಗಿಂತ ಚೊಕ್ಕವಾಗಿತ್ತು. ಸಂಜೆಗೇ ವಾಪಸ್ ಬಂತು, ಹಸಿರು ಶಾಯಿಯಲ್ಲಿ 'ಚರ್ಚಿಸಿ' ಅಂತ. ಚರ್ಚೆಗೆ ಸೂಪರಿಂಟೆಂಡೆಂಟ್ ಒಬ್ಬರೇ ಹೋಗುವುದು ವಾಡಿಕೆ. ಈ ಸಲ ಕರಡು ಬರೆದವರನ್ನೂ ಕರೆದುಕೊಂಡು ಹೋಗಿ ಅಂದೆ. ಸ್ವಲ್ಪ ಯೋಚಿಸಿ, "ಆಯ್ತು, ಆದರೆ ಸಾಹೇಬ್ರ ಮುಂದೆ ಹಂಗೆಲ್ಲ ಮಾತಾಡಬಾರದು ಅಂತ ನೀವೇ ಹೇಳಿ" ಅಂದರು.

ನಾನು ಹೇಳುವುದಿಲ್ಲ.