ಕೆರೆಯ ಪೆಟ್ಟಿಗೆ ಬೆಳಗಿನ ಜಾವ ಯಾಕೆ ಸುಮ್ಮನಾಗುತ್ತಿತ್ತು?

ಶಿರಸಿ ಕಡೆಯ ನಮ್ಮ ಅಡಿಕೆ ತೋಟದ ಕೆರೆ ಮನೆಯಿಂದ 800 ಮೀಟರ್ ದೂರ, ಕಣಿವೆಯ ತಳದಲ್ಲಿದೆ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟ್ ಬರುವುದು ರಾತ್ರಿ ಎರಡಕ್ಕೋ ನಾಲ್ಕಕ್ಕೋ. ಅಪ್ಪ ಟಾರ್ಚ್ ಹಿಡಿದು ಇಳಿದು ಹೋಗಿ ಮೋಟರ್ ಹಾಕುತ್ತಿದ್ದರು. ಕೆರೆಯಲ್ಲಿ ಫುಟ್‌ವಾಲ್ವ್ ಮುಳುಗುವಷ್ಟೂ ನೀರಿಲ್ಲ ಅಂತ ಎಷ್ಟೋ ಸಲ ಅಲ್ಲಿಗೆ ಹೋದಮೇಲೇ ಗೊತ್ತಾಗುತ್ತಿತ್ತು. ಅವರಿಗೆ ಎಪ್ಪತ್ತರ ಹತ್ತಿರ ವಯಸ್ಸು. ಹಾವು ಓಡಾಡುವ ದಾರಿ. ನನಗೆ ಅದೇ ಚಿಂತೆ.

ಮೊಬೈಲ್ ಸ್ಟಾರ್ಟರ್ ಹಾಕಿಸಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ತಳದಲ್ಲಿ ಯಾವ ಕಂಪನಿಯ ಸಿಗ್ನಲ್ಲೂ ಇಲ್ಲ. ಮನೆಯ ವೈಫೈ ಅಂಗಳ ದಾಟುವುದಿಲ್ಲ. ಹಾಗಾಗಿ ಕೆರೆಯ ಸುದ್ದಿಯನ್ನು ಮನೆಗೆ ತರಿಸಲು ಲೋರಾ ಹಿಡಿದೆ. ಚಿಕ್ಕ ಸಂದೇಶವನ್ನು ಕಮ್ಮಿ ಶಕ್ತಿಯಲ್ಲಿ ದೂರಕ್ಕೆ ಕಳಿಸುವ ರೇಡಿಯೋ ಅದು. ಫ್ರಾನ್ಸಿನ ಗ್ರೆನೋಬಲ್‌ನ ಒಂದು ಸಣ್ಣ ಕಂಪನಿಯಲ್ಲಿ ಹುಟ್ಟಿದ ತಂತ್ರ ಇದು. 2012ರಲ್ಲಿ ಆ ಕಂಪನಿಯನ್ನು ಅಮೆರಿಕದ ಸೆಮ್‌ಟೆಕ್ ಕೊಂಡುಕೊಂಡಿತು. ನಮ್ಮಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಜ್ ರೇಡಿಯೋ ಪಟ್ಟಿಯನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ. ನನಗೆ ಮೊದಲ ಸಲ ಬಂದಿದ್ದು ಅಮೆರಿಕದಲ್ಲಿ ಬಳಸುವ 915ರ ಬೋರ್ಡ್.

ಲೋರಾ ಮಾತಾಡುವ ರೀತಿ ನನಗೆ ತುಂಬಾ ಇಷ್ಟ. ಆಚೆ ತೋಟದವರನ್ನು ಕರೆಯುವಾಗ ನಾವು ‘ಕೂ’ ಅಂತ ಸ್ವರ ಏರಿಸುತ್ತಾ ಕೂಗುತ್ತೇವಲ್ಲ, ಹಾಗೇ ಅದರ ಪ್ರತಿ ಸಂಕೇತವೂ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರುತ್ತದೆ. ಎಳೆದು ಕೂಗಿದಷ್ಟೂ ದೂರಕ್ಕೆ ಕೇಳುತ್ತದೆ. ಈ ಎಳೆತಕ್ಕೆ 7ರಿಂದ 12ರವರೆಗೆ ಮೆಟ್ಟಿಲುಗಳಿವೆ. ನೀರೆಷ್ಟಿದೆ, ಕರೆಂಟ್ ಇದೆಯಾ, ಬ್ಯಾಟರಿ ಎಷ್ಟಿದೆ ಅಂತ ಹೇಳಲು ನನಗೆ 10 ಬೈಟ್ ಸಾಕು. ಅದಕ್ಕೆ 7ನೇ ಮೆಟ್ಟಿಲಲ್ಲಿ ಸುಮಾರು 40 ಮಿಲಿಸೆಕೆಂಡ್ ಬೇಕು, 12ನೇ ಮೆಟ್ಟಿಲಲ್ಲಿ ಹೆಚ್ಚುಕಮ್ಮಿ ಒಂದು ಸೆಕೆಂಡ್.

ಜನವರಿಯಲ್ಲಿ ನೀರು ಅಳೆದು ಮನೆಗೆ ಸುದ್ದಿ ಕಳಿಸುವ ಲೋರಾ ಪೆಟ್ಟಿಗೆಯನ್ನು ಪಂಪ್‌ಹೌಸ್ ಗೋಡೆಗೆ ಬಿಗಿದೆ. ಮಧ್ಯಾಹ್ನವೆಲ್ಲ ಚೆನ್ನಾಗಿ ಬರುತ್ತಿತ್ತು. ಬೆಳಗಿನ ಜಾವ ಮಾತ್ರ ಸದ್ದಿಲ್ಲ. ಒಂಬತ್ತೂವರೆಗೆ ತಾನಾಗಿಯೇ ಮತ್ತೆ ಶುರು. ಕರೆಂಟ್ ಬರುವ ಹೊತ್ತಿಗೇ ಸುದ್ದಿ ಇಲ್ಲ ಅಂದರೆ ಏನು ಪ್ರಯೋಜನ? ಬ್ಯಾಟರಿ ಬದಲಿಸಿದೆ. ಪ್ರೋಗ್ರಾಂ ಎರಡು ಸಲ ತಿದ್ದಿದೆ. ಹತ್ತು ದಿನ ಹೋಯಿತು. ಕೊನೆಗೆ ಅಪ್ಪ ಹೇಳಿದರು, “ಆ ಹೊತ್ತಿಗೆ ಸೋಗೆ ಎಲ್ಲಾ ಇಬ್ಬನಿಗೆ ತೋಯ್ದಿರ್ತು ತಮಾ.”

ಅದೇ ಆಗಿತ್ತು. ಈ ಪಟ್ಟಿಯಲ್ಲಿ ಗಾಳಿಯಲ್ಲಿ ಬೀಳುವ ಮಳೆಹನಿ ಸಿಗ್ನಲ್‌ಗೆ ಏನೂ ಮಾಡುವುದಿಲ್ಲ. ಅದನ್ನು ಕುಡಿಯುವುದು ಒದ್ದೆ ಎಲೆ. ಮಧ್ಯಾಹ್ನವೇ ನನ್ನ ಸಿಗ್ನಲ್ ಮೈನಸ್ 117 ಡಿಬಿಎಂ ಇತ್ತು. ಡಿಬಿಎಂ ಅಂದರೆ ಸಿಗ್ನಲ್ ಶಕ್ತಿಯ ಅಳತೆ, ಮೈನಸ್ ಹೆಚ್ಚಾದಷ್ಟೂ ಸಿಗ್ನಲ್ ಕ್ಷೀಣ. 7ನೇ ಮೆಟ್ಟಿಲು ಮೈನಸ್ 123ರ ಆಸುಪಾಸಿನಲ್ಲಿ ಕೈಬಿಡುತ್ತದೆ. ನಡುವೆ ಉಳಿದಿದ್ದ ಅಷ್ಟನ್ನೂ ಇಬ್ಬನಿ ತಿಂದುಬಿಡುತ್ತಿತ್ತು. 12ನೇ ಮೆಟ್ಟಿಲಿಗೆ ಹೋದೆ, ಬೆಳಗಿನ ಜಾವವೂ ಬಂತು. ಆದರೆ ಪ್ರತಿ ಸಲ ಸುಮಾರು 24 ಪಟ್ಟು ಹೊತ್ತು ಕೂಗಬೇಕು. ಅಡಿಕೆ ನೆರಳಲ್ಲಿ ಸೋಲಾರ್ ಹಾಳೆಗೆ ಬಿಸಿಲೇ ಇಲ್ಲ, ಬ್ಯಾಟರಿ ತಡೆಯಲಿಲ್ಲ.

ಜಾಹೀರಾತಿನಲ್ಲಿ 10-15 ಕಿಲೋಮೀಟರ್ ಅಂತ ಇರುತ್ತದೆ. ಬಯಲಿನಲ್ಲಿ, ಎತ್ತರದ ಗೋಪುರದಿಂದ ಅದು ನಿಜ. ನಮ್ಮಲ್ಲಿ ಮರದ ತಲೆ ದಾಟಬೇಕು. 800 ಮೀಟರ್‌ಗೆ ನಡುಮಧ್ಯೆ, ಎರಡೂ ಕಡೆಯ ಆಂಟೆನಾ ಸೇರಿಸುವ ನೇರ ಗೆರೆಯ ಸುತ್ತ ಸುಮಾರು 8 ಮೀಟರ್ ಜಾಗ ತೆರವಾಗಿದ್ದರೆ ಒಳ್ಳೆಯದು.

ಆಂಟೆನಾ ಏರಿಸಲು ಮೊದಲು ಮದ್ದು ಹೊಡೆಯುವ ಕಾರ್ಬನ್ ಫೈಬರ್ ದೋಟಿ ತಂದೆ. ಹಗುರ, ಉದ್ದ. ತುದಿಗೆ ಕಟ್ಟಿದರೆ ಸಿಗ್ನಲ್ ಇನ್ನೂ ಕೆಟ್ಟಿತು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಅದನ್ನು ಆಂಟೆನಾ ಪಕ್ಕ ಇಟ್ಟರೆ ಕಬ್ಬಿಣದ ಪೈಪ್ ಇಟ್ಟ ಹಾಗೆ. ಬಿದಿರು ಸಾಕಿತ್ತು. ಪೆಟ್ಟಿಗೆ ಕೆಳಗಿಟ್ಟು ಕೇಬಲ್ ಮಾತ್ರ ಮೇಲೆ ಎಳೆಯೋಣ ಅಂದರೆ ಸಾಮಾನ್ಯ ತೆಳು ಕೇಬಲ್ 10 ಮೀಟರ್‌ಗೇ ಮುಕ್ಕಾಲು ಪಾಲು ಶಕ್ತಿ ನುಂಗುತ್ತದೆ. ಹಾಗಾಗಿ ಪೆಟ್ಟಿಗೆಯನ್ನೇ ಮೇಲೆ ಕಳಿಸಿದೆವು. ಅಡಿಕೆ ಕೊನೆ ಇಳಿಸುವ ಕೊನೆಗೌಡರು ಕೆರೆ ದಂಡೆಯ ಎತ್ತರದ ಮರ ಹತ್ತಿ ಬಿದಿರು ಬಿಗಿದು ಕಟ್ಟಿದರು. ನೀರು ಅಳೆಯುವ ತಂತಿ ಮಾತ್ರ ಕೆಳಗೆ ಬಂತು.

ಅವತ್ತು ಸಂಜೆ ಮೈನಸ್ 98. ಮತ್ತೆ 7ನೇ ಮೆಟ್ಟಿಲಿಗೇ ಇಳಿದೆ. ಮೇಲೆ ಬಿಸಿಲೂ ಸಿಕ್ಕಿತು, ಬ್ಯಾಟರಿ ಚಿಂತೆ ಹೋಯಿತು. ಎರಡನೇ ತಿಂಗಳು ಆಂಟೆನಾ ಸೇರುವ ಕಡೆ ಹಸಿರು ಕಿಲುಬು ಹಿಡಿದಿತ್ತು. ಹಳೇ ಸೈಕಲ್ ಟ್ಯೂಬ್ ಕತ್ತರಿಸಿ, ಬಿಗಿಯಾಗಿ ಎಳೆದು ಸುತ್ತಿದ್ದೇವೆ. ಏಪ್ರಿಲ್‌ನ ಅಡ್ಡಮಳೆ ಅದರ ಮೇಲೆ ಬಿತ್ತು, ಒಳಗೆ ಒಣಗೇ ಇತ್ತು.

ಮನೆಯಿಂದ ಮೋಟರ್ ಹಾಕುವ ಕೆಲಸವನ್ನು ಇನ್ನೂ ಇದಕ್ಕೆ ಕೊಟ್ಟಿಲ್ಲ. ‘ಹಾಕಿದೆ’ ಅಂತ ಕೆರೆಯಿಂದ ಬರುವ ಉತ್ತರ ದಾರಿಯಲ್ಲಿ ಕಳೆದರೆ, ಮೋಟರ್ ಓಡುತ್ತಿದೆಯೋ ಇಲ್ಲವೋ ಮನೆಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಅರ್ಧ ಗಂಟೆ ಮನೆಯ ಸುದ್ದಿ ಬರದಿದ್ದರೆ ಮೋಟರ್ ತಾನೇ ನಿಲ್ಲುವ ಹಾಗೆ ಮೊದಲು ಮಾಡಬೇಕು, ಈಗ ಅದನ್ನೇ ಬರೆಯುತ್ತಿದ್ದೇನೆ. ಸದ್ಯಕ್ಕೆ ಅಪ್ಪ ರಾತ್ರಿ ಎದ್ದು ಮೊಬೈಲ್ ನೋಡುತ್ತಾರೆ. ಕೆರೆಯಲ್ಲಿ ನೀರು ಎರಡಡಿಗಿಂತ ಕಮ್ಮಿ ಇದ್ದರೆ ಚಪ್ಪಲಿ ಮೆಟ್ಟುವುದಿಲ್ಲ.