ಗುಡಿಸದ ಮೂಲೆಗೆ ಬಂದ ನವರಂಗ

ಅಕ್ಟೋಬರ್ ಕೊನೆಯ ವಾರದ ಒಂದು ಬೆಳಗ್ಗೆ ಮೈಸೂರಿನ ನಮ್ಮ ಹಿತ್ತಲಲ್ಲಿ ಗಟ್ಟಿಯಾದ ಸಿಳ್ಳೆ ಕೇಳಿಸಿತು. ಎರಡೇ ಸ್ವರ. ಆರು ಗಂಟೆಯ ಹೊತ್ತು, ಬೆಳಕಿನ್ನೂ ಸರಿಯಾಗಿ ಹರಿದಿರಲಿಲ್ಲ. ಅಡುಗೆಮನೆ ಕಿಟಕಿಯಿಂದ ನೋಡಿದರೆ ಮಾವಿನ ಬುಡದಲ್ಲಿ ಒಣಗಿದ ಎಲೆಗಳು ಅಲುಗಾಡುತ್ತಿದ್ದವು. ನವರಂಗ! ಹಸಿರು ಬೆನ್ನು, ಕಣ್ಣಿನ ಸುತ್ತ ಅಗಲವಾದ ಕಪ್ಪು ಪಟ್ಟಿ, ಹೆಗಲಲ್ಲಿ ಹೊಳೆಯುವ ನೀಲಿ, ಮೋಟು ಬಾಲದ ಕೆಳಗೆ ಕುಂಕುಮದ ಕೆಂಪು.

ಈ ಹಕ್ಕಿಗಳು ಹಿಮಾಲಯದ ತಪ್ಪಲಲ್ಲಿ, ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲದ ಹೊತ್ತಿಗೆ ಮರಿ ಮಾಡುತ್ತವೆ. ಚಳಿಗಾಲಕ್ಕೆ ದಕ್ಷಿಣ ಭಾರತಕ್ಕೆ, ಶ್ರೀಲಂಕಾಕ್ಕೆ ಬರುತ್ತವೆ. ಪ್ರಯಾಣವೆಲ್ಲ ರಾತ್ರಿ ಹೊತ್ತು. ದಣಿದ ಹಕ್ಕಿ ಊರೊಳಗಿನ ಹಿತ್ತಲಲ್ಲಿ ಇಳಿಯುವುದೂ ಉಂಟು. ಆದರೆ ಇಳಿದ ಕಡೆ ತಿನ್ನಲು ಏನಾದರೂ ಇರಬೇಕಲ್ಲ? ನವರಂಗ ನೆಲದ ಹಕ್ಕಿ. ಕೊಕ್ಕಿನಿಂದ ತರಗೆಲೆ ಮಗುಚಿ ಎರೆಹುಳು, ಗೆದ್ದಲು, ಸಣ್ಣಪುಟ್ಟ ಹುಳ ಹೆಕ್ಕುತ್ತದೆ. ಗುಡಿಸಿ ಸಾರಿಸಿದ ಅಂಗಳದಲ್ಲಿ ಅದಕ್ಕೆ ಏನೂ ಸಿಗುವುದಿಲ್ಲ.

ಇದಕ್ಕೇ ನಾನೂ ಅಮ್ಮನೂ ಮಳೆಗಾಲದಲ್ಲಿ ಜಗಳವಾಡಿದ್ದು. "ಎಲೆ ಕೆಳಗೆ ಹಾವು ಗೀವು ಸೇರ್ಕೊಂಡ್ರೆ ಏನ್ ಮಾಡ್ತೀಯ?" ಅನ್ನುತ್ತಿದ್ದಳು. ಆ ಭಯ ನಿಜವೇ. ಕೊನೆಗೆ ಬಾಗಿಲಿನಿಂದ ಒಗೆಯುವ ಕಲ್ಲಿನವರೆಗೆ ದಿನಾ ಗುಡಿಸುವುದು, ಕಾಂಪೌಂಡಿನ ಪಕ್ಕ ಮಾವಿನ ಬುಡವನ್ನು ಹಾಗೇ ಬಿಡುವುದು ಅಂತ ಇಬ್ಬರೂ ಒಪ್ಪಿಕೊಂಡೆವು. ಹಕ್ಕಿ ಬಂದದ್ದು ಆ ಮೂಲೆಗೇ.

ನಾನು ಹಿಂಬಾಗಿಲ ಮೆಟ್ಟಿಲ ಮೇಲೆ ಸಣ್ಣ ಅಕ್ಕಿ ಚೀಲ ಇಟ್ಟು, ಅದರ ಮೇಲೆ ಲೆನ್ಸ್ ಊರಿ, ನೆಲದಲ್ಲೇ ಕೂತೆ. ನೆಲದ ಹಕ್ಕಿಯನ್ನು ನಿಂತು ತೆಗೆದರೆ ಬರೀ ಬೆನ್ನು ಬರುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ನಾವೇ ಇಳಿಯಬೇಕು. ಮರದಡಿ ಬೆಳಕು ತೀರಾ ಕಡಿಮೆ. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 3200ಕ್ಕೆ ಏರಿಸಿದರೂ ಶಟರ್ ವೇಗ ಸೆಕೆಂಡಿನ 1/160ರ ಮೇಲೆ ಹೋಗಲಿಲ್ಲ. ಕುಪ್ಪಳಿಸುವ ಹಕ್ಕಿಗೆ ಅದು ಸಾಲದು. ಆದರೆ ನೋಡುತ್ತಾ ಕೂತರೆ ಅದರ ನಡೆ ಗೊತ್ತಾಗುತ್ತದೆ. ಎರಡು ಮೂರು ಸಲ ಕುಪ್ಪಳಿಸುತ್ತದೆ, ಗಕ್ಕನೆ ನಿಲ್ಲುತ್ತದೆ, ಎಲೆ ಮಗುಚುತ್ತದೆ. ಆ ನಿಲ್ಲುವ ಕ್ಷಣ ಸಾಕು. ಕುಪ್ಪಳಿಸುವಾಗ ಬೆರಳು ಸುಮ್ನೆ ಇಟ್ಟುಕೊಂಡು, ನಿಂತಾಗ ಮಾತ್ರ ಒತ್ತಿದೆ. ಎಲೆಗಳ ನೆರಳಿನಿಂದ ಹೊಟ್ಟೆಯ ತಿಳಿ ಕಂದು ಬಣ್ಣಕ್ಕೂ ಹಸಿರು ಮೆತ್ತಿಕೊಂಡಿತ್ತು. ಕ್ಯಾಮೆರಾ ಹಿಡಿದದ್ದನ್ನು ಹಾಗೇ ಉಳಿಸುವ ರಾ ಫೈಲ್ ಆಗಿದ್ದರಿಂದ ಆಮೇಲೆ ಸರಿಮಾಡಲು ಆಯಿತು.

ಫೋಟೋ ತೆಗೆಯುವ ಗೆಳೆಯನೊಬ್ಬ ಫೋನಲ್ಲಿ ಹೇಳಿದ: "ಅದರ ಕೂಗು ರೆಕಾರ್ಡಿಂಗ್ ಹಾಕು, ತಾನಾಗೇ ಹತ್ತಿರ ಬರುತ್ತೆ." ನಾನು ಹಾಕಲಿಲ್ಲ, ಯಾರೂ ಹಾಕಬಾರದು ಅಂತಲೇ ನನ್ನ ಅಭಿಪ್ರಾಯ. ಚಳಿಗಾಲದಲ್ಲೂ ಈ ಹಕ್ಕಿ ತನ್ನ ಜಾಗ ಕಾಯುತ್ತದೆ. ಬೇರೆ ನವರಂಗ ಬಂತು ಅಂದುಕೊಂಡು ಅದನ್ನು ಓಡಿಸಲು ಬರುತ್ತದೆ. ಅಷ್ಟು ದೂರ ಹಾರಿ ಬಂದು ಹಸಿದಿರುವ ಜೀವ ಮೇಯುವುದು ಬಿಟ್ಟು ಇಲ್ಲದ ಶತ್ರುವನ್ನು ಹುಡುಕುತ್ತಾ ಅಲೆಯಬೇಕಾ? ಒಂದು ಫೋಟೋಗೆ ಅದು ತುಂಬಾ ಜಾಸ್ತಿ ಬೆಲೆ.

ಎಂಟು ಗಂಟೆಗೆ ಅದು ಒಂದು ಎರೆಹುಳು ಎಳೆದು ತೆಗೆಯಿತು. ನನಗೆ ತುಂಬಾ ಇಷ್ಟವಾದ ಚಿತ್ರ ಅದೇ. ಕೊಕ್ಕಿಗೆ ಮಣ್ಣು ಮೆತ್ತಿದೆ, ಅರ್ಧ ಕಾಲು ಎಲೆಯಲ್ಲಿ ಮುಚ್ಚಿಹೋಗಿದೆ. ಚೊಕ್ಕಟ ಹಿನ್ನೆಲೆಯ ಚಿತ್ರಗಳೂ ಬಂದಿದ್ದವು. ಆದರೆ ಹಕ್ಕಿ ಇಲ್ಲಿಗೆ ಯಾಕೆ ಬಂತು ಅನ್ನುವುದು ಅವುಗಳಲ್ಲಿ ಇರಲಿಲ್ಲ. ಅಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಬಹಳ ಹೊತ್ತು ನೋಡಿ, "ಇದು ನಮ್ಮ ಹಿತ್ತಿಲೇನಾ?" ಅಂದಳು.

ಮಧ್ಯಾಹ್ನ ಪಕ್ಕದ ಮನೆಯ ಬೆಕ್ಕು ಕಾಂಪೌಂಡ್ ಮೇಲೆ ಕಾಣಿಸಿತು. ಅಮ್ಮನೇ ಕೋಲು ಹಿಡಿದು ಹೊರಟಳು. ನಾನು ಅಡುಗೆಮನೆ ಕಿಟಕಿಯ ಗಾಜಿಗೆ ಹೊರಗಿನಿಂದ ಕಾಗದದ ಪಟ್ಟಿ ಅಂಟಿಸಿದೆ. ಗಾಜಿನಲ್ಲಿ ಮಾವಿನ ಮರ ಹಾಗೇ ಕಾಣುತ್ತದೆ, ತಗ್ಗಾಗಿ ಹಾರುವ ಹಕ್ಕಿ ಅದನ್ನು ಮರವೆಂದೇ ನಂಬಿ ಬಡಿದುಕೊಳ್ಳಬಹುದು. ಪಟ್ಟಿಗಳ ನಡುವೆ ಎರಡು ಇಂಚಿಗಿಂತ ಜಾಸ್ತಿ ಬಿಡಲಿಲ್ಲ. ಅಡುಗೆಮನೆ ಸ್ವಲ್ಪ ಕತ್ತಲಾಯಿತು. ಏಪ್ರಿಲ್‌ವರೆಗೆ ಹೀಗೇ ಇರಲಿ ಅಂದಳು ಅಮ್ಮ.